ಮೊದಲು ಹೋಗು, ಆಮೇಲೆ ಕಾಣಿಕೆ

ಬೆಟಗೇರಿ
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ಮಂಗಳವಾರ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಲ್ಲೇ ಇದೆ. "ಪಪ್ಪಾ, ಯೇಸುಸ್ವಾಮಿ ಹೇಳಿದ್ದೆಲ್ಲ ಚರ್ಚಿನಾಗ ಕೂತು ಕೇಳಾಕ ಚಲೋ ಅನ್ನಸ್ತೈತಿ. ಸೋಮವಾರ ಆಫೀಸಿಗೆ ಹೋದ ಮ್ಯಾಲೆ ಅದನ್ನ ಎಲ್ಲಿ ಇಡಬೇಕು ಗೊತ್ತಾಗಂಗಿಲ್ಲ" ಅಂದೆ. ಆಮೇಲೆ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಹೇಳಿದೆ. ಹೋದ ತಿಂಗಳು ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಎದ್ದು ಹೋಗಲಿಲ್ಲ, ಬರುವ ಭಾನುವಾರವೂ ಹೋಗುವುದಿಲ್ಲ ಅಂತ. ಪಕ್ಕದ ರೂಮಿನ ಗೆಳತಿಯ ಜೊತೆ ಮಾತು ಬಿಟ್ಟು ಎರಡು ತಿಂಗಳಾಯಿತು, ಇಷ್ಟು ಸಿಟ್ಟು ಇಟ್ಟುಕೊಂಡು ರೊಟ್ಟಿಗೆ ಕೈ ಹೇಗೆ ಒಡ್ಡಲಿ ಅಂತ ಕೇಳಿದೆ. ನಿಮ್ಮವ್ವ ಪಕ್ಕದಲ್ಲೇ ಇದ್ದಳು. ಹಾಗಾಗಿ ಆಗ ಜಾಸ್ತಿ ಮಾತಾಡಲಿಲ್ಲ.

ಸಿಟ್ಟಿದ್ದರೂ ಸುಮ್ನೆ ಎದ್ದು ಹೋಗಿ ಎಲ್ಲರ ಜೊತೆ ಮೊಣಕಾಲೂರುವವರು ಎಷ್ಟೋ ಜನ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ. ನೀನು ಹಾಗೆ ಮಾಡಲಿಲ್ಲ. ಅದನ್ನು ಕೇಳಿ ನನಗೆ ನಿನ್ನ ಮೇಲೆ ಗೌರವ ಬಂತು. ಆದರೆ ಮಗಳೇ, ಕೂತಲ್ಲೇ ಉಳಿ ಅಂತಲೂ ಯೇಸು ಹೇಳಿಲ್ಲ. ಆತನು ಹೇಳಿದ್ದು, ಎದ್ದು ಹೊರಗೆ ಹೋಗು ಅಂತ.

ಮತ್ತಾಯ 5ನೇ ಅಧ್ಯಾಯ, 23 ಮತ್ತು 24ನೇ ವಚನ ತೆಗೆದು ನೋಡು. ಕಾಣಿಕೆ ತಂದು ಯಜ್ಞವೇದಿಯ ಹತ್ತಿರ ನಿಂತಿದ್ದೀಯ. ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ಅಲ್ಲಿ ನೆನಪಾಗುತ್ತದೆ. ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಅವನ ಜೊತೆ ಒಂದಾಗು, ಆಮೇಲೆ ಬಂದು ಕೊಡು. ಚಿಕ್ಕಂದಿನಿಂದ ಕೇಳಿದ ಮಾತು ಇದು. ಇಡೀ ಆಯುಷ್ಯ ಬಸ್ಸಿನಲ್ಲಿ ಟಿಕೆಟ್ ಹರಿದವನಿಗೆ ಆ ಮಾತಿನ ಒಳಗಿರುವ ದೂರ ಕಾಣಿಸುತ್ತದೆ. ಆತನು ಮಾತಾಡಿದ್ದು ಗಲಿಲಾಯದ ಬೆಟ್ಟದ ಮೇಲೆ, ಅಲ್ಲಿನ ಜನರ ಮುಂದೆ. ಅವರ ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ. ನಡುವೆ ನೂರು ಕಿಲೋಮೀಟರಿಗಿಂತ ಜಾಸ್ತಿ, ನಮ್ಮ ಹುಬ್ಬಳ್ಳಿಯಿಂದ ಬೆಳಗಾವಿಗೆ ಹೋದಷ್ಟು. ನಡೆದರೆ ಸುಮಾರು ಮೂರು ದಿನ. ಹಬ್ಬಕ್ಕೆ ಅಂತ ಬುತ್ತಿ ಕಟ್ಟಿಕೊಂಡು ಹೋದವನು, ಕುರಿ ಹಿಡಿದುಕೊಂಡು ಇನ್ನೇನು ಕೊಡಬೇಕು ಅನ್ನುವಾಗ ಊರಲ್ಲಿರುವ ಅಣ್ಣನ ನೆನಪಾಯಿತು ಅಂದುಕೋ. ಹೋಗಿ ಬರಲು ಒಂದು ವಾರ ಬೇಕು. ಹೋಗು, ದೇವರು ಕಾಯುತ್ತಾನೆ ಅನ್ನುತ್ತಾನೆ ಯೇಸು. ನಿನ್ನದು ಒಂದು ಗೋಡೆಯಷ್ಟು ದೂರ.

ತಪ್ಪು ಅವಳದು, ನಾನು ಯಾಕೆ ಹೋಗಬೇಕು ಅಂತ ನೀನು ಕೇಳಬಹುದು. ಅಡ್ವಾನ್ಸ್ ಹಣದ ಲೆಕ್ಕದಲ್ಲಿ ನೀನು ಹೇಳಿದ್ದೇ ಸರಿ ಅಂತ ನನಗೂ ಅನ್ನಿಸುತ್ತದೆ. ಆದರೆ ಆ ವಚನವನ್ನು ಇನ್ನೊಮ್ಮೆ ಓದು. ನಿನಗೆ ಅವರ ಮೇಲೆ ಸಿಟ್ಟಿದ್ದರೆ ಅಂತ ಅಲ್ಲಿಲ್ಲ. ಅವರಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಅಂತ ಇದೆ. ನೀನು ಆ ಲೆಕ್ಕವನ್ನು ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ, ಅಲ್ವಾ? ಆರು ಜನ ಓದಿದರು. ಲೆಕ್ಕ ಸರಿಯೇ ಇತ್ತು. ಆದರೆ ಆ ಹುಡುಗಿಗೆ ಅವತ್ತು ಆರು ಜನರ ಮುಂದೆ ಹೇಗೆ ಆಗಿರಬೇಕು? ಮತ್ತಾಯ 18ರ 15ನೇ ವಚನದಲ್ಲಿ, ತಪ್ಪು ಮಾಡಿದವನ ಹತ್ತಿರ ಹೋಗಿ ಇಬ್ಬರೇ ಇರುವಾಗ ಹೇಳು ಅಂದಿದ್ದಾನೆ ಕರ್ತನು. ಮೊದಲು ಇಬ್ಬರೇ. ಅದಾಗದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗುವುದು. ನಾವು ಈಗೀಗ ಇದನ್ನು ಪೂರಾ ತಲೆಕೆಳಗು ಮಾಡಿಕೊಂಡಿದ್ದೇವೆ. ಮೊದಲು ಗುಂಪಿಗೆ ಹಾಕುತ್ತೇವೆ.

ಹಾಗಾಗಿ ಹಣದ ಮಾತು ಬೇಡ. ಅದು ಇನ್ನೊಂದು ದಿನ ಆಗಲಿ. "ಎಲ್ಲರ ಮುಂದೆ ಹಾಕಿದ್ದು ನನ್ನ ತಪ್ಪು" ಅಂತ ಇಷ್ಟೇ ಹೇಳು. "ಆದರೆ ನೀನೂ" ಅಂತ ಮುಂದೆ ಸೇರಿಸಬೇಡ.

ನಿನಗೆ ಈವರೆಗೆ ಹೇಳದ ಒಂದು ಸಂಗತಿ ಹೇಳುತ್ತೇನೆ. ನೀನು ಇನ್ನೂ ಹುಟ್ಟಿರಲಿಲ್ಲ. ನಾನು ಮುಂಡರಗಿ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೆ. ಚಿಲ್ಲರೆ ಇಲ್ಲದಾಗ ಬಾಕಿ ಹಣವನ್ನು ಟಿಕೆಟ್ಟಿನ ಹಿಂದೆ ಬರೆದುಕೊಡುತ್ತಿದ್ದೆವು. ಇಳಿಯುವಾಗ ನೆನಪಿಟ್ಟು ಕೇಳಿದವರಿಗೆ ಸಿಗುತ್ತಿತ್ತು. ಮರೆತವರದು ಮರೆತೇ ಹೋಗುತ್ತಿತ್ತು. ಒಂದು ರೂಪಾಯಿ, ಎರಡು ರೂಪಾಯಿ, ಕೆಲವೊಮ್ಮೆ ಐದು. ನಾನು ಯಾರ ಕಿಸೆಗೂ ಕೈ ಹಾಕಲಿಲ್ಲ, ಅವರೇ ಮರೆತರು ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಭಾನುವಾರ ಕಾಣಿಕೆ ಚೀಲಕ್ಕೆ ಅದರಲ್ಲೇ ಹಾಕಿದ್ದೂ ಇದೆ.

ಒಂದು ದಿನ ಒಬ್ಬ ಅಜ್ಜಿ ಐವತ್ತರ ನೋಟು ಕೊಟ್ಟಳು. 38 ರೂಪಾಯಿ ಬಾಕಿ ಬರೆದುಕೊಟ್ಟೆ. ಅವಳ ಊರು ಬಂತು, ಸಂತೆಯ ಗಂಟು ಹೊತ್ತುಕೊಂಡು ಇಳಿದಳು. ನಾನು ನೋಡಿದೆ. ನನಗೆ ನೆನಪಿತ್ತು. ಆದರೂ ಸೀಟಿ ಊದಿದೆ, ಬಸ್ಸು ಹೊರಟಿತು.

ಆ ಭಾನುವಾರ ಚರ್ಚಿನ ಅಯ್ಯನವರು ಬೈಬಲಿನ ಜಕ್ಕಾಯನ ಕಥೆ ಓದಿದರು. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಯೇಸುವನ್ನು ನೋಡಲು ಮರ ಹತ್ತಿದವನು. ನನ್ನನ್ನು ಹಿಡಿದದ್ದು ಮರವಲ್ಲ. ಅವನ ಮನೆಗೆ ಬಂದ ಯೇಸು ಹಣ ವಾಪಸ್ಸು ಕೊಡು ಅಂತ ಒಂದು ಮಾತೂ ಹೇಳುವುದಿಲ್ಲ. ನಿನ್ನ ಮನೆಯಲ್ಲಿ ಉಳಿಯಬೇಕು ಅಂತಾನೆ, ಅಷ್ಟೇ. ಜಕ್ಕಾಯನೇ ಎದ್ದು ನಿಂತು, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅನ್ನುತ್ತಾನೆ. ಯೆಹೂದ್ಯರು ಪಾಲಿಸುತ್ತಿದ್ದ ಮೋಶೆಯ ಕಾನೂನಿನಲ್ಲಿ ತಾನಾಗಿ ತಪ್ಪು ಒಪ್ಪಿಕೊಂಡವನು ಅಸಲು ಕೊಟ್ಟು, ಮೇಲೆ ಐದನೇ ಒಂದು ಪಾಲು ಸೇರಿಸಿದರೆ ಸಾಕಿತ್ತು. ನಾಲ್ಕರಷ್ಟು ಕೊಡಬೇಕಾದವನು ಕುರಿ ಕದ್ದು ಕೊಯ್ದವನು, ಇಲ್ಲವೇ ಮಾರಿದವನು. ಜಕ್ಕಾಯ ತನ್ನನ್ನು ಆ ಸಾಲಿನಲ್ಲಿ ನಿಲ್ಲಿಸಿಕೊಂಡ. ನಾನು ಮಾತ್ರ ಮರೆತದ್ದು ಅವಳ ತಪ್ಪು ಅನ್ನುತ್ತಿದ್ದೆ.

ಮೂರು ವಾರ ಅವಳನ್ನು ಹುಡುಕಿದೆ. ಸಂತೆಯ ದಿನವೇ ಸಿಕ್ಕಳು. ಲೆಕ್ಕ ಮಾಡಿ 152 ರೂಪಾಯಿ ಇಟ್ಟುಕೊಂಡಿದ್ದೆ. ತಪ್ಪು ಹೇಳಿ ಕೈಗೆ ಕೊಟ್ಟೆ. ಅವಳು ಸೆರಗಿನ ಮೇಲೆ ಹಣ ಹರವಿಕೊಂಡು 38 ರೂಪಾಯಿ ಎಣಿಸಿ ತೆಗೆದುಕೊಂಡಳು. ಉಳಿದದ್ದನ್ನು ನನ್ನ ಕಡೆ ತಳ್ಳಿದಳು. "ನಂದಲ್ಲದ್ದು ನನಗ್ಯಾಕಪ್ಪಾ" ಅಂದಳು. ಹಣೆ ತುಂಬಾ ವಿಭೂತಿ ಇತ್ತು. ಯೇಸುವಿನ ಹೆಸರನ್ನು ಎಲ್ಲಾದರೂ ಕೇಳಿದ್ದಳೋ ಇಲ್ಲವೋ. ಜಕ್ಕಾಯನಾಗಲು ಹೋದ ನನಗೆ ಅವತ್ತು ಸಮಾರ್ಯದವನು ಅಂದರೆ ಯಾರು ಅಂತ ಗೊತ್ತಾಯಿತು. ಯೇಸು ಹೇಳಿದ ಕಥೆಯಲ್ಲಿ, ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದವನು ಅವನು, ಯೆಹೂದ್ಯರು ತಮ್ಮವನಲ್ಲ ಅನ್ನುತ್ತಿದ್ದವನು. ಪಕ್ಕದಿಂದ ದಾಟಿ ಹೋದ ಯಾಜಕನ ಜಾಗದಲ್ಲಿ ನಾನಿದ್ದೆ. ನಮ್ಮವರಲ್ಲದವರ ಮೂಲಕ ಕರ್ತನು ನಮಗೆ ಪಾಠ ಹೇಳಿಸುತ್ತಾನೆ ಮಗಳೇ. ನಿನ್ನ ಆಫೀಸಿನಲ್ಲೂ ಅಂಥವರು ಇರುತ್ತಾರೆ. ಅವರ ಎದುರು ನೀನು ಗುರುವಿನ ಹಾಗೆ ಕೂರಬೇಡ.

ಅದಾದ ಮೇಲೆ ನಾನು ಮಾಡಿದ ಒಂದೇ ಕೆಲಸ ಚಿಲ್ಲರೆಯದು. ಆರಾಧನೆ ಮುಗಿದ ಮೇಲೆ ಕಾಣಿಕೆ ಎಣಿಸುತ್ತಾರಲ್ಲ, ಅಲ್ಲಿ ಖಜಾಂಚಿಯವರ ಹತ್ತಿರ ನೋಟು ಕೊಟ್ಟು ಎಲ್ಲಾ ನಾಣ್ಯ ತೆಗೆದುಕೊಳ್ಳುತ್ತಿದ್ದೆ. ಒಂದು ಬಟ್ಟೆಯ ಚೀಲ ತುಂಬುತ್ತಿತ್ತು. ಸೋಮವಾರದಿಂದ ಆ ನಾಣ್ಯ ಬಸ್ಸಿನಲ್ಲಿ ಜನರ ಕೈಗೆ ಹೋಗುತ್ತಿದ್ದವು. ಟಿಕೆಟ್ಟಿನ ಹಿಂದೆ ಬರೆಯುವುದು ಹತ್ತರಲ್ಲಿ ಒಂಬತ್ತು ಸಲ ನಿಂತುಹೋಯಿತು. ನಿವೃತ್ತಿಯಾಗುವವರೆಗೂ ಹೀಗೇ ನಡೆಸಿದೆ. ನೀನು ಸಣ್ಣವಳಿದ್ದಾಗ ಆ ಚೀಲದ ನಾಣ್ಯಗಳನ್ನು ಬೇರೆ ಬೇರೆ ಜೋಡಿಸಿ ಕೊಡುತ್ತಿದ್ದೆ, ನೆನಪಿದೆಯಾ? ಅದು ಯಾಕೆ ಅಂತ ನೀನು ಆಗ ಕೇಳಿದ್ದೆ. ಇವತ್ತು ಹೇಳಿದೆ.

ಸೋಮವಾರ ಎಲ್ಲಿ ಇಡಬೇಕು ಅಂತ ಕೇಳಿದೆಯಲ್ಲ, ನನಗೆ ಗೊತ್ತಿರುವುದು ಇಷ್ಟೇ. ಯೇಸು ಜಾಸ್ತಿ ಸಲ ಮನಸ್ಸಿಗೆ ಹೇಳುವುದಿಲ್ಲ, ಕೈಗೆ ಕಾಲಿಗೆ ಹೇಳುತ್ತಾನೆ. ವೈರಿಗಳನ್ನು ಪ್ರೀತಿಸಿ ಅಂದವನು ಲೂಕ 6ರಲ್ಲಿ ಪ್ರೀತಿ ಹುಟ್ಟುವವರೆಗೆ ಕಾಯಿರಿ ಅನ್ನಲಿಲ್ಲ. ಒಳ್ಳೇದು ಮಾಡಿ, ಆಶೀರ್ವದಿಸಿ, ಅವರಿಗಾಗಿ ಪ್ರಾರ್ಥನೆ ಮಾಡಿ, ಸಾಲ ಕೊಡಿ ಅಂದ. ಎಲ್ಲಾ ಮಾಡುವ ಕೆಲಸ. ಸಮಾರ್ಯದವನ ಮನಸ್ಸಿನ ಬಗ್ಗೆ ಕನಿಕರಪಟ್ಟನು ಅನ್ನುವ ಒಂದೇ ಮಾತಿದೆ. ಅದರ ಹಿಂದೆಯೇ ಎಣ್ಣೆ, ದ್ರಾಕ್ಷಾರಸ, ಬಟ್ಟೆ, ಅವನ ಸ್ವಂತ ಪ್ರಾಣಿ, ಛತ್ರ ಬರುತ್ತವೆ. ಎರಡು ಬೆಳ್ಳಿ ನಾಣ್ಯ, ಅಂದರೆ ಆಗಿನ ಎರಡು ದಿನದ ಕೂಲಿ. ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ ಅಂತಲೂ ಹೇಳುತ್ತಾನೆ. ನಿನಗೆ ಆ ಹುಡುಗಿಯ ಮೇಲೆ ಪ್ರೀತಿ ಬರದಿದ್ದರೂ ಪರವಾಗಿಲ್ಲ. ಚಹಾ ಮಾಡುವಾಗ ಒಂದು ಲೋಟ ಜಾಸ್ತಿ ಇಡು.

ಇಲ್ಲಿ ಒಂದು ಮಾತು ತಂದೆಯಾಗಿ ಹೇಳಲೇಬೇಕು. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ತೋರಿಸು ಅನ್ನುವ ವಚನವನ್ನು ಹಿಡಿದು ಯಾರಾದರೂ ನಿನ್ನ ಬಾಯಿ ಮುಚ್ಚಿಸಲು ನೋಡಿದರೆ ಒಪ್ಪಬೇಡ. ಬಹಳ ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಗಂಡನ ಹೊಡೆತ ತಾಳಲಾರದೆ ಸಭೆಯ ಹಿರಿಯರ ಮುಂದೆ ಬಂದಿದ್ದಳು. ಕ್ಷಮಿಸಬೇಕು ತಂಗಿ, ಯೇಸು ಹೇಳಿದ ಹಾಗೆ ಎಪ್ಪತ್ತು ಏಳು ಸಲ ಅಂತ ಹೇಳಿ ಅದೇ ಮನೆಗೆ ಕಳಿಸಿದರು. ಆ ಕೋಣೆಯಲ್ಲಿ ನಾನೂ ಇದ್ದೆ. ಮಾತಾಡಲಿಲ್ಲ. ಅವಳ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ. ಯೋಹಾನ 18ರಲ್ಲಿ ಮಹಾಯಾಜಕನ ಆಳು ಯೇಸುವಿನ ಕೆನ್ನೆಗೆ ಹೊಡೆದಾಗ ಆತನು ಸುಮ್ಮನಿರಲಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಸರಿಯಾಗಿದ್ದರೆ ಯಾಕೆ ಹೊಡೆಯುತ್ತೀ ಅಂತ ಕೇಳಿದ. ತಿರುಗಿ ಹೊಡೆಯಲಿಲ್ಲ, ಆದರೆ ಕೇಳಿದ. ಆ ಪ್ರಶ್ನೆ ಕೇಳುವ ಹಕ್ಕು ನಿನಗೂ ಇದೆ. ನಾಳೆ ನಿನ್ನ ಮದುವೆಯಾದ ಮೇಲೂ ಇದೆ. ಈ ಮನೆಯ ಬಾಗಿಲು ತೆರೆದೇ ಇರುತ್ತದೆ.

ಆಫೀಸಿನಲ್ಲಿ ಬಿಲ್ಲಿಗೆ ಹಿಂದಿನ ತಾರೀಖು ಹಾಕು ಅನ್ನುತ್ತಾರೆ ಅಂದೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಅನ್ನಿ ಅಂತ ಯೇಸು ಹೇಳಿದ್ದನ್ನು ಅಲ್ಲಿ ದೊಡ್ಡ ದನಿಯಲ್ಲಿ ಹೇಳಬೇಕಾಗಿಲ್ಲ. "ಸರ್, ಆ ತಾರೀಖು ನನ್ನ ಕೈಲಿ ಬರೆಯಲು ಆಗುವುದಿಲ್ಲ. ಇವತ್ತಿನದು ಹಾಕಿ, ತಡವಾಗಿದ್ದಕ್ಕೆ ಕಾರಣ ಬರೆದುಕೊಡುತ್ತೇನೆ" ಅನ್ನು. ಅವರಿಗೆ ಉಪದೇಶ ಮಾಡಬೇಡ. ಇದರಿಂದ ನಿನಗೆ ನಷ್ಟವೂ ಆಗಬಹುದು. ಆಗುವುದಿಲ್ಲ ಅಂತ ಸುಳ್ಳು ಭರವಸೆ ಕೊಡಲಾರೆ. ನನ್ನ ಅಜ್ಜ ಹೇಳುತ್ತಿದ್ದ ಮಾತು ನೆನಪಾಗುತ್ತದೆ. ನಮ್ಮ ಹಿರಿಯರು ಇಲ್ಲಿನ ನೇಕಾರರು. ಸ್ವಿಟ್ಜರ್ಲೆಂಡಿನಿಂದ ಪಾದ್ರಿಗಳನ್ನು ಕಳಿಸುತ್ತಿದ್ದ ಬಾಸೆಲ್ ಮಿಶನ್ನಿನವರು ಬೆಟಗೇರಿಗೆ ಬಂದದ್ದು 1841ರಲ್ಲಿ. ಆಮೇಲೆ ನಮ್ಮ ಮನೆತನದಲ್ಲಿ ಮೊದಲು ದೀಕ್ಷಾಸ್ನಾನ ತೆಗೆದುಕೊಂಡವನು ಹೇಗೆ ಪ್ರಾರ್ಥನೆ ಮಾಡುತ್ತಾನೆ ಅಂತ ಊರವರು ಕೇಳಲಿಲ್ಲವಂತೆ. ಅವನು ನೇಯ್ದ ಸೀರೆಯನ್ನು ಮೊಳ ಹಾಕಿ ಅಳೆದರಂತೆ. ಗೇಣು ಕಡಿಮೆ ಬಂದಿದ್ದರೆ ಇವರ ಹೊಸ ದೇವರು ಇಷ್ಟೇ ಅನ್ನುತ್ತಿದ್ದರು ಅಂತ ಅಜ್ಜ ಹೇಳುತ್ತಿದ್ದ. ನಿನ್ನ ಬಿಲ್ಲೂ ಹಾಗೇ. ಯಾರೋ ಅಳೆಯುತ್ತಿರುತ್ತಾರೆ.

ರಾತ್ರಿ ಹನ್ನೊಂದಾಯಿತು. ನಿಮ್ಮವ್ವ ಅಡುಗೆ ಮನೆಯಲ್ಲಿ ಶೇಂಗಾ ಹೋಳಿಗೆ ಕಟ್ಟುತ್ತಿದ್ದಾಳೆ. ನಾಳೆ ರಾತ್ರಿ ಬೆಂಗಳೂರು ಬಸ್ಸಿಗೆ ಪರಿಚಯದ ಕಂಡಕ್ಟರ್ ಇದ್ದಾನೆ. ಈ ಪತ್ರವನ್ನೂ ಹೋಳಿಗೆಯನ್ನೂ ಅವನ ಕೈಲಿ ಕೊಡುತ್ತೇನೆ. ಶನಿವಾರ ಬೆಳಿಗ್ಗೆ ಆರಕ್ಕೆ ಮೆಜೆಸ್ಟಿಕ್ಕಿಗೆ ಹೋಗಿ ತೆಗೆದುಕೋ. ಡಬ್ಬಿ ಎರಡಿವೆ. ಯಾಕೆ ಎರಡು ಅಂತ ನಾನು ನಿಮ್ಮವ್ವನಿಗೆ ಹೇಳಿಲ್ಲ, ಅವಳೂ ಕೇಳಲಿಲ್ಲ.

ಆ ಹುಡುಗಿ ಬಾಗಿಲು ತೆರೆಯದೆ ಇರಬಹುದು. ತೆರೆದು, ಬೇಡ ಅಂತಲೂ ಅನ್ನಬಹುದು. ಹಾಗಾದರೆ ಡಬ್ಬಿಯನ್ನು ಬಾಗಿಲ ಹತ್ತಿರ ಇಟ್ಟು ಬಾ. ಭಾನುವಾರ ಧೈರ್ಯವಾಗಿ ಎದ್ದು ಮುಂದೆ ಹೋಗು. ಅವಳು ಏನಂದಳು ಅಂತ ನನಗೆ ಹೇಳಬೇಕಾಗಿಲ್ಲ. ಹೋಗಿದ್ದೆ ಅಂತ ಒಂದು ಮಾತು ಫೋನ್ ಮಾಡು, ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಪಪ್ಪಾ