ಅಮಾನಿಕೆರೆ ಹತ್ತಿರ ಸಿಕ್ಕ ತಂಗಿಗೆ

ಹೋದ ತಿಂಗಳು ಒಂದು ಭಾನುವಾರ ತುಮಕೂರಿನ ಅಮಾನಿಕೆರೆ ಹತ್ತಿರ ಮೇಜು ಹಾಕಿಕೊಂಡು, ಬಂದವರಿಗೆಲ್ಲ ಲಿನಕ್ಸ್ (ವಿಂಡೋಸ್ ಥರ ಕಂಪ್ಯೂಟರ್ ನಡೆಸೋ ತಂತ್ರಾಂಶ) ತೋರಿಸುತ್ತಿದ್ದ ಹುಡುಗಿಗೆ ಈ ಮಾತು. ನಿಮ್ಮ ಹೆಸರು ಕೇಳೋದೇ ಮರೆತೆ.

ನಮ್ಮ ಸ್ವಸಹಾಯ ಸಂಘದ ಲೆಕ್ಕವೆಲ್ಲ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿದೆ. ಆನ್ ಆಗೋಕೇ 10 ನಿಮಿಷ ಬೇಕಿತ್ತು. ರಿಪೇರಿಗೆ ಕೊಟ್ಟ ಕಡೆ "ಹೊಸದು ತಗೊಳ್ಳಿ" ಅಂದಿದ್ದರು. ನೀವು ಹಾಗೆ ಅನ್ನಲಿಲ್ಲ. ಮೊದಲು ನನ್ನ ಫೈಲುಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಸಿದಿರಿ. ಆಮೇಲೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಮಿಂಟ್ ಅನ್ನೋ ಒಂದು ಬಗೆಯ ಲಿನಕ್ಸ್ ಓಡಿಸಿ, "ಅಕ್ಕ, ಇನ್ನೂ ಏನೂ ಅಳಿಸಿಲ್ಲ. ನೋಡಿ, ಇಷ್ಟವಾದರೆ ಮಾತ್ರ ಹಾಕೋಣ" ಅಂದಿರಿ. ಆ ಒಂದು ಮಾತಿಗೇ ನನ್ನ ಹೆದರಿಕೆ ಹೋಯಿತು.

ಲಿನಕ್ಸ್ ಅನ್ನೋದು 1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಅನ್ನೋ ವಿದ್ಯಾರ್ಥಿ ಶುರು ಮಾಡಿದ್ದು ಅಂದಿರಿ. ಬಿಟ್ಟಿ ಸಿಗುತ್ತೆ ಅನ್ನೋದಷ್ಟೇ ಮುಖ್ಯವಲ್ಲ ಅಂತಲೂ ಬಿಡಿಸಿ ಹೇಳಿದಿರಿ. ಯಾವ ಕೆಲಸಕ್ಕಾದರೂ ಬಳಸಬಹುದು, ಒಳಗೆ ಹೇಗಿದೆ ಅಂತ ನೋಡಬಹುದು, ತಿದ್ದಬಹುದು, ಬೇರೆಯವರಿಗೂ ಹಂಚಬಹುದು. ಪಕ್ಕದ ಮನೆಗೆ ಹೆಪ್ಪು ಕೊಟ್ಟ ಹಾಗೆ ಅಲ್ವಾ? ಕೊಟ್ಟರೆ ನಮ್ಮಲ್ಲಿ ಕಮ್ಮಿ ಆಗಲ್ಲ.

ನಾನು ಗುಬ್ಬಿಯವಳು. ಫಾಂಟುಗಳ ಪಟ್ಟಿಯಲ್ಲಿ 'ಗುಬ್ಬಿ' ಅನ್ನೋ ಕನ್ನಡ ಫಾಂಟ್ ತೋರಿಸಿದಾಗ ಎಷ್ಟು ಖುಷಿ ಆಯಿತು! 'ನವಿಲು' ಕೂಡ ಇತ್ತು. ಎರಡೂ ಮುಕ್ತ ಫಾಂಟುಗಳೇ. ಈಗ ಸಂಘದ ನೋಟಿಸೆಲ್ಲ ಲಿಬ್ರೆಆಫೀಸ್ ಅನ್ನೋ ಬರೆಯೋ ತಂತ್ರಾಂಶದಲ್ಲಿ, ಗುಬ್ಬಿ ಅಕ್ಷರದಲ್ಲಿ.

ಎರಡೂವರೆ ಗಂಟೆ ನಿಂತೇ ಇದ್ದಿರಿ. ದುಡ್ಡು ಮುಟ್ಟಲಿಲ್ಲ, ಟೀ ಕೂಡ ಬೇಡ ಅಂದಿರಿ. ತುಂಬಾ ಧನ್ಯವಾದ, ತಂಗಿ. ಹೋದ ವಾರ ಸಂಘದ ಇನ್ನೊಬ್ಬರ ಕಂಪ್ಯೂಟರಿಗೂ ನೀವು ಕೊಟ್ಟ ಪೆನ್‌ಡ್ರೈವ್‌ನಿಂದಲೇ ಹಾಕಿದೆವು. ಮೊದಲು ಫೈಲು ಕಾಪಿ ಮಾಡಿಕೊಂಡೆವು, ನೀವು ಹೇಳಿದ ಹಾಗೆ.