ನನ್ನ ಇಂಫಾಲ್ ನಕ್ಷೆಯಲ್ಲಿ ತಪ್ಪು ಹುಡುಕಿಕೊಟ್ಟವರಿಗೆ

ಕಳೆದ ಭಾನುವಾರ ರಾತ್ರಿ ಹನ್ನೊಂದೂವರೆಗೆ ಇಂಫಾಲ್ ನಕ್ಷೆಯ ಕೊನೆಯ ಫೈಲ್ ಸೇವ್ ಮಾಡಿದೆ. ಶುರು ಮಾಡಿ ಮೂರು ವರ್ಷ ನಾಲ್ಕು ತಿಂಗಳಾಗಿತ್ತು. ಎಂಟು ತಿಂಗಳಲ್ಲಿ ಮುಗಿಸ್ತೀನಿ ಅಂತ ಗೆಳೆಯರ ಮುಂದೆ ಜಂಬ ಕೊಚ್ಚಿದ್ದೆ. ಅವರಲ್ಲಿ ಯಾರೂ ಅದನ್ನು ಮರೆತಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಕಂಪ್ಯೂಟರ್‌ನಲ್ಲಿ ಹಳೇ ಯುದ್ಧವಿಮಾನಗಳನ್ನು ಹಾರಿಸುವ ಸಿಮ್ಯುಲೇಟರ್‌ಗಳಿವೆ. ನಾನು ಹಾರಿಸುವುದು ಐಎಲ್-2 1946. ಅದು 2006ರಲ್ಲಿ ಬಂದಿದ್ದು. ಹೊಸವು ಬೇಕಾದಷ್ಟಿವೆ, ನನ್ನ ಕಂಪ್ಯೂಟರ್ ಅವನ್ನು ಎಳೆಯಲ್ಲ. ಹಳೆಯದರಲ್ಲಿ ಒಂದು ಅನುಕೂಲ ಇದೆ. ವಿಮಾನದ ಕೆಳಗೆ ಕಾಣುವ ಗುಡ್ಡ, ಹೊಳೆ, ಕಾಡು, ರಸ್ತೆ, ಊರು ಎಲ್ಲವನ್ನೂ ನಾವೇ ಮಾಡಿ ಸೇರಿಸಬಹುದು. ನಾನು ಆರಿಸಿಕೊಂಡಿದ್ದು 1944ರ ಮಾರ್ಚ್‌ನಿಂದ ಜುಲೈವರೆಗಿನ ಇಂಫಾಲ್ ಕಣಿವೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾ ಕಡೆಯಿಂದ ನುಗ್ಗಿದ ಜಪಾನಿ ಸೈನ್ಯ ಬ್ರಿಟಿಷ್ ಭಾರತದ ಸೈನ್ಯವನ್ನು ಮುತ್ತಿದ್ದು ಅಲ್ಲೇ.

ದಾವಣಗೆರೆಯವನಿಗೆ ಮಣಿಪುರದ ಉಸಾಬರಿ ಯಾಕೆ ಅಂತ ಎಷ್ಟೋ ಜನ ಕೇಳಿದ್ದಾರೆ. ಕಾರಣ ಅರ್ಜನ್ ಸಿಂಗ್. ಮುಂದೆ ವಾಯುಪಡೆಯ ಮುಖ್ಯಸ್ಥರಾಗಿ, 2002ರಲ್ಲಿ ಮಾರ್ಷಲ್ ಪದವಿ ಪಡೆದವರು. 1944ರಲ್ಲಿ ಅವರಿನ್ನೂ 25ರ ಹುಡುಗ. ಇಂಫಾಲ್‌ನಲ್ಲಿ ನಂಬರ್ 1 ಸ್ಕ್ವಾಡ್ರನ್‌ಗೆ ನಾಯಕ. ಅವರ ಹತ್ತಿರ ಇದ್ದದ್ದು ಹರಿಕೇನ್ ವಿಮಾನಗಳು. ಜಪಾನಿ ಸೈನ್ಯ ಎಲ್ಲಿ ಬೀಡು ಬಿಟ್ಟಿದೆ, ಯಾವ ದಾರಿಯಲ್ಲಿ ಬರುತ್ತಿದೆ ಅಂತ ನೋಡಿಕೊಂಡು ಬರುವುದು ಮುಖ್ಯ ಕೆಲಸ. ಎರಡೆರಡು ವಿಮಾನ ಜೋಡಿಯಾಗಿ ಹೋಗುತ್ತಿದ್ದವು. ಒಬ್ಬ ನೆಲ ನೋಡಬೇಕು, ಇನ್ನೊಬ್ಬ ಆಕಾಶ ನೋಡುತ್ತಾ ಅವನ ಬೆನ್ನು ಕಾಯಬೇಕು. ಅದೇ ಜೂನ್‌ನಲ್ಲಿ, ಆಗ ಆಗ್ನೇಯ ಏಷ್ಯಾದ ಮಿತ್ರಪಡೆಗಳ ಮುಖ್ಯಸ್ಥರಾಗಿದ್ದ ಮೌಂಟ್‌ಬ್ಯಾಟನ್ ಅಲ್ಲಿಗೇ ಬಂದು ಅರ್ಜನ್ ಸಿಂಗ್ ಎದೆಗೆ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕ ಚುಚ್ಚಿದರು. ನೆಲ ನೋಡುವುದೇ ಕೆಲಸ ಅಂದಮೇಲೆ ಆ ನೆಲ ಸರಿಯಾಗಿರಬೇಕು ಅಲ್ವಾ? ಸಿಮ್ಯುಲೇಟರ್‌ನಲ್ಲಿ ಬರೀ ವಿಮಾನ ಚೆಂದ ಇದ್ದರೆ ಸಾಲದು.

ನನ್ನ ನೆಲ ಸರಿಯಿರಲಿಲ್ಲ. ಅದನ್ನು ಹೇಳಿದವರಲ್ಲಿ ಒಬ್ಬರೂ ಸಿಮ್ಯುಲೇಟರ್ ಮುಟ್ಟಿದವರಲ್ಲ.

ಮೊದಲನೆಯವರು ಚಿತ್ರದುರ್ಗದ ಒಬ್ಬ ನಿವೃತ್ತ ಸುಬೇದಾರರು. ಹೆಸರು ಹಾಕಬೇಡ ಅಂದಿದ್ದಾರೆ. ನಮ್ಮ ಚಿಕ್ಕಪ್ಪನಿಗೆ ಪರಿಚಯ. ಒಂದು ಕಾಲದಲ್ಲಿ ಮಣಿಪುರದಲ್ಲಿದ್ದವರು. ಅವರ ಮನೆಗೆ ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಿ, ನಕ್ಷೆ ತೆರೆದು ಹೆಮ್ಮೆಯಿಂದ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ನುಂಗ್‌ಶಿಗುಮ್ ಎಲ್ಲೈತೆ? ಅದರ ಮೇಲಿಂದ ಕಂಗ್ಲಾ ಕಾಣ್ತದಾ?"

ನುಂಗ್‌ಶಿಗುಮ್ ಅಂದರೆ ಇಂಫಾಲ್ ಹತ್ತಿರದ ಒಂದು ಗುಡ್ಡ, ಕಂಗ್ಲಾ ಅದರ ಕೆಳಗಿನ ಏರ್‌ಸ್ಟ್ರಿಪ್. ಕಾಣುತ್ತಿರಲಿಲ್ಲ. ಯಾಕೆ ಅಂದರೆ ಆ ಗುಡ್ಡ ನನ್ನಲ್ಲಿ ಗುಡ್ಡವೇ ಆಗಿರಲಿಲ್ಲ. ಈ ಆಟದಲ್ಲಿ ನೆಲದ ಎತ್ತರವನ್ನು ಕಪ್ಪು ಬಿಳುಪು ಚಿತ್ರವಾಗಿ ಕೊಡಬೇಕು. ಕಪ್ಪು ಅಂದರೆ ತಗ್ಗು, ಬೆಳ್ಳಗಾದಷ್ಟೂ ಎತ್ತರ. ನಮ್ಮಮ್ಮ ಅದನ್ನು ನೋಡಿ ಸೀದ ರೊಟ್ಟಿ ಅಂದಿದ್ದಳು. ಎತ್ತರದ ಅಳತೆ ಪುಕ್ಕಟೆ ಸಿಗುತ್ತದೆ. 2000ದ ಫೆಬ್ರುವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ ರಾಡಾರ್‌ನಲ್ಲಿ ಅಳೆದದ್ದು. ಅದರಲ್ಲಿ 30 ಮೀಟರ್‌ಗೊಂದು ಚುಕ್ಕಿ ಇದೆ. ಆಟದಲ್ಲಿ ಒಂದು ಪಿಕ್ಸೆಲ್ ಅಂದರೆ 200 ಮೀಟರ್. ಅಳತೆ ಕುಗ್ಗಿಸಿದಾಗ ಚೂಪು ಏಣುಗಳೆಲ್ಲ ಸವೆದು ಹೋಗುತ್ತವೆ. ಬಯಲಿನಿಂದ ಸಾವಿರ ಅಡಿ ಏಳುವ ನುಂಗ್‌ಶಿಗುಮ್ ನನ್ನ ನಕ್ಷೆಯಲ್ಲಿ ಕವುಚಿ ಹಾಕಿದ ಬುಟ್ಟಿಯ ಹಾಗಿತ್ತು.

ಸುಬೇದಾರರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಕೋಟೆಗೆ ಕರೆದುಕೊಂಡು ಹೋದರು. ಮೇಲಿನ ಸುತ್ತಿನ ಒಂದು ಬಂಡೆ ಮೇಲೆ ನಿಲ್ಲಿಸಿ, "ಕೆಳಗೆ ಏನೇನು ಕಾಣ್ತದೆ ಹೇಳು" ಅಂದರು. ಊರು, ರಸ್ತೆ, ದೂರದ ಗಾಳಿಯಂತ್ರ ಎಲ್ಲ ಹೇಳಿದೆ. "ಈಗ ಕಾಣದೇ ಇರೋದು ಏನು ಹೇಳು." ನಾನು ಸುಮ್ನೆ ನಿಂತೆ. ಅವರು ನಮ್ಮ ಕಾಲ ಬುಡದಲ್ಲೇ, ಬಂಡೆಯ ಮರೆಯಲ್ಲಿದ್ದ ತಗ್ಗು ತೋರಿಸಿದರು. ಅಲ್ಲಿ ನೂರು ಜನ ಕೂತರೂ ಮೇಲಿನವನಿಗೆ ಕಾಣಲ್ಲ. ಕೋಟೆ ಕಟ್ಟಿದವರಿಗೂ ಇದು ಗೊತ್ತಿತ್ತು, ಅದಕ್ಕೇ ಒಂದಲ್ಲ ಏಳು ಸುತ್ತು ಅಂದರು. ಕೊನೆಯ ಮಾತು ಎಷ್ಟು ನಿಜವೋ, ಕೇಳೋಕಂತೂ ಚೆನ್ನಾಗಿತ್ತು.

ವಾಪಸ್ ಬಂದು ನುಂಗ್‌ಶಿಗುಮ್ಮನ್ನು ಪಿಕ್ಸೆಲ್ ಪಿಕ್ಸೆಲ್ ಹಿಡಿದು ಕೈಯಾರೆ ಎತ್ತರಿಸಿದೆ. ಆಗ ಆ ಕದನ ಅರ್ಥವಾಯಿತು. ಜಪಾನಿಯರು ಆ ಏಣಿನ ಮೇಲೆ ಕೂತರೆ ಕಂಗ್ಲಾ ಏರ್‌ಸ್ಟ್ರಿಪ್ ಅವರ ಕಣ್ಣ ಕೆಳಗೆ. ಅದಕ್ಕೇ 1944ರ ಏಪ್ರಿಲ್ 13ರಂದು ವೆಂಜನ್ಸ್ ಮತ್ತು ಹರಿಕೇನ್ ವಿಮಾನಗಳು ಬಾಂಬು ಹಾಕಿದ ಮೇಲೆ, ಲೀ ಟ್ಯಾಂಕುಗಳು ಆ ಕಡಿದಾದ ಗುಡ್ಡ ಹತ್ತಿದವು. ಜೊತೆಯಲ್ಲಿ ಡೋಗ್ರಾ ಸಿಪಾಯಿಗಳು. ಹತ್ತಿದ ಎರಡು ಕಂಪನಿಗಳ ಬ್ರಿಟಿಷ್ ಅಧಿಕಾರಿಗಳೆಲ್ಲ ಸತ್ತರು, ಇಲ್ಲವೇ ಗಾಯಗೊಂಡರು. ಆಮೇಲೆ ಮುಂದೆ ನಡೆಸಿದವರು ಭಾರತೀಯ ಸುಬೇದಾರ್‌ಗಳು. ಇದನ್ನು ಫೋನ್‌ನಲ್ಲಿ ಹೇಳಿದಾಗ ನಮ್ಮ ಸುಬೇದಾರರು "ಮತ್ತೆ?" ಅಂತ ನಕ್ಕರು.

ಎರಡನೆಯವನು ಇಲ್ಲೇ ದಾವಣಗೆರೆಯಲ್ಲಿ ಓದುತ್ತಿರುವ ಮಣಿಪುರದ ಹುಡುಗ. ನಮ್ಮ ಬೀದಿಯ ಮೆಸ್‌ನಲ್ಲಿ ಊಟಕ್ಕೆ ಬರುತ್ತಿದ್ದ. ಕನ್ನಡ ಚೆನ್ನಾಗಿ ಕಲಿತಿದ್ದಾನೆ, ಬೈಗುಳ ಇನ್ನೂ ಚೆನ್ನಾಗಿ. ಮೊಬೈಲ್‌ನಲ್ಲಿ ನಕ್ಷೆಯ ಚಿತ್ರ ತೋರಿಸಿದ ಕೂಡಲೇ, "ಅಣ್ಣಾ, ಲೋಕ್ತಾಕ್ ತಪ್ಪು" ಅಂದ.

ನಾನು ಈಗಿನ ಉಪಗ್ರಹ ಚಿತ್ರ ನೋಡಿ ಸರೋವರ ಬರೆದಿದ್ದೆ. ಆದರೆ 1983ರಲ್ಲಿ ಇಥಾಯ್ ಬ್ಯಾರೇಜ್ ಅನ್ನೋ ಅಡ್ಡಗಟ್ಟೆ ಆದಮೇಲೆ ಲೋಕ್ತಾಕ್ ವರ್ಷವಿಡೀ ತುಂಬಿಯೇ ಇರುತ್ತದೆ. ಅದಕ್ಕೆ ಮುಂಚೆ ಮಳೆಗಾಲದಲ್ಲಿ ಹಿಗ್ಗಿ, ಬೇಸಿಗೆಯಲ್ಲಿ ಕುಗ್ಗುತ್ತಿತ್ತು. ನೀರು ಇಳಿದಾಗ ತೇಲುವ ಹುಲ್ಲಿನ ಚಾಪೆಗಳು, ಅವರು ಫುಮ್ದಿ ಅನ್ನುತ್ತಾರೆ, ನೆಲಕ್ಕೆ ತಾಗಿ ಬೇರಿಗೆ ಗೊಬ್ಬರ ಹೀರುತ್ತಿದ್ದವಂತೆ. ಅಂದರೆ 1944ರ ಪೈಲಟ್‌ಗೆ ಮಾರ್ಚ್‌ನಲ್ಲಿ ಕಂಡ ದಡ ಜುಲೈನಲ್ಲಿ ಅಲ್ಲಿರುತ್ತಿರಲಿಲ್ಲ. ಒಂದು ಸರೋವರಕ್ಕಾಗಿ ಎರಡು ನಕ್ಷೆ ಮಾಡಬೇಕಾಯಿತು, ಒಂದು ಬೇಸಿಗೆಯದು, ಇನ್ನೊಂದು ಮಳೆಗಾಲದ್ದು. ಐದು ತಿಂಗಳು ಹೆಚ್ಚಿಗೆ ಹಿಡಿದದ್ದು ಇವನ ದೆಸೆಯಿಂದ.

ಈಗಿನ ಇಂಫಾಲ್ ವಿಮಾನ ನಿಲ್ದಾಣ ಇರೋದು ತುಲಿಹಾಲ್‌ನಲ್ಲಿ. ಆಗಿನ ಮುಖ್ಯ ನಿಲ್ದಾಣ ಕೊಯಿರೆಂಗೈ ಅಂತ ಸರಿಪಡಿಸಿದವನೂ ಅವನೇ. ಅವನ ಊರಿನ ಹಿರಿಯರು ಆ ಯುದ್ಧವನ್ನು ಎರಡನೇ ಮಹಾಯುದ್ಧ ಅನ್ನುವುದಿಲ್ಲ. ಜಪಾನ್ ಲಾನ್ ಅನ್ನುತ್ತಾರೆ, ಜಪಾನ್ ಯುದ್ಧ. ನನಗೆ ಅದು ಆಟದ ನಕ್ಷೆ, ಅವನಿಗೆ ಅಜ್ಜಿ ಬಿಟ್ಟು ಓಡಿದ ಊರು. ಅದಾದ ಮೇಲೆ ಹಳ್ಳಿಗಳ ಮೇಲೆ ಗುರಿ ಅಂತ ಹಾಕಿದ್ದ ಕೆಂಪು ಗುರುತುಗಳನ್ನೆಲ್ಲ ತೆಗೆದುಬಿಟ್ಟೆ.

ನಡುವೆ ಒಂದು ಬೇಸಿಗೆಯಲ್ಲಿ ಕರೆಂಟ್ ಏರಿಳಿದು ಹಾರ್ಡ್ ಡಿಸ್ಕ್ ಸುಟ್ಟುಹೋಯಿತು. ಬ್ಯಾಕಪ್ ಇತ್ತಾ ಅಂತ ಕೇಳಬೇಡಿ. ಹದಿನೈದು ದಿನ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ. ಪಿ.ಬಿ. ರಸ್ತೆಯ ಕಡೆ ಒಂದು ಚಿಕ್ಕ ರಿಪೇರಿ ಅಂಗಡಿಯ ಹುಡುಗ, ಅದೇ ಮಾಡೆಲ್‌ನ ಹಳೇ ಡಿಸ್ಕ್ ಹುಡುಕಿ, ಅದರ ಬೋರ್ಡ್ ಬಿಚ್ಚಿ, ನಮ್ಮ ಡಿಸ್ಕಿನ ಒಂದು ಚಿಪ್ ಅದಕ್ಕೆ ಬೆಸೆದು ಎಲ್ಲ ಫೈಲ್ ತೆಗೆದುಕೊಟ್ಟ. "ಬಂದ್ರೆ ದುಡ್ಡು ಕೊಡ್ರಿ ಅಣ್ಣಾ" ಅಂದಿದ್ದವನು. ಅವನಿಗೆ ಕೈ ಮುಗಿದಿದ್ದೇನೆ, ಇಲ್ಲಿ ಇನ್ನೊಮ್ಮೆ ಮುಗಿಯುತ್ತೇನೆ. ಹೆಂಡತಿಗೆ ಇಲ್ಲಿ ಥ್ಯಾಂಕ್ಸ್ ಹೇಳಿದರೆ ಮನೆಯಲ್ಲಿ ನಗುತ್ತಾಳೆ. ಆದರೂ ಹೇಳಿದ್ದೇನೆ.

ಕೊನೆಗೆ ಅಪ್ಪ. ಮೂವತ್ತು ವರ್ಷ ಲಾರಿ ಓಡಿಸಿದವರು. ದಿಮಾಪುರದಿಂದ ಕೊಹಿಮಾ ಮೇಲೆ ಇಂಫಾಲ್‌ಗೆ ಬರುವ ಘಾಟಿ ರಸ್ತೆಯನ್ನು ನಾನು ಎರಡು ವಾರ ಕೂತು ಬರೆದಿದ್ದೆ. ಅಪ್ಪ ಹಿಂದೆ ಬಂದು ನಿಂತು, "ಲೇ, ಈ ತಿರುವಿನಾಗ ಗಾಡಿ ಹೆಂಗ್ ತಿರುಗ್ತೈತಿ? ಲೋಡ್ ಗಾಡಿ ಹಿಂದಕ್ಕ ಬರ್ತೈತಿ" ಅಂದರು. ಘಾಟಿ ರಸ್ತೆ ಗುಡ್ಡವನ್ನು ನೆಟ್ಟಗೆ ಹತ್ತಲ್ಲ, ಹಳ್ಳ ಹಿಡಿದು ಸುತ್ತಿಕೊಂಡು ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಿದರು. ಆಮೇಲೆ 1950ರ ದಶಕದ ಅಮೆರಿಕನ್ ಸೇನೆಯ ಹಳೇ ನಕ್ಷೆ ಜೊತೆ ಹೋಲಿಸಿ ನೋಡಿದರೆ, ಅಪ್ಪ ತೋರಿಸಿದ ಕಡೆಯೇ ರಸ್ತೆ ಇತ್ತು.

ಆ ರಸ್ತೆಯನ್ನು ಮಾರ್ಚ್ ಕೊನೆಗೆ ಜಪಾನಿಯರು ಕಡಿದರು, ಮತ್ತೆ ತೆರೆದದ್ದು ಜೂನ್ 22ಕ್ಕೆ ಅಂತ ಹೇಳಿದೆ. ಅಷ್ಟು ದಿನ ಸಾಮಾನು ಹೆಂಗ್ ಬಂತು ಅಂತ ಕೇಳಿದರು. ವಿಮಾನದಲ್ಲಿ. ಅಕ್ಕಿ, ಗುಂಡು, ಹರಿಕೇನ್‌ಗೆ ಹಾಕುವ ಪೆಟ್ರೋಲ್ ಕೂಡ. ಸುಮಾರು 19,000 ಟನ್. ಅಪ್ಪ ಬಾಯಲ್ಲಿದ್ದ ಅಡಿಕೆ ಅಗಿಯುವುದು ನಿಲ್ಲಿಸಿ ಕೇಳಿದರು: "ವಾಪಸ್ ಲೋಡ್ ಏನಿತ್ತು?"

ಮೂರು ವರ್ಷ ಓದಿದ್ದೆ, ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಖಾಲಿ ಗಾಡಿ ವಾಪಸ್ ತರುವುದು ಡ್ರೈವರ್‌ಗೆ ಎಷ್ಟು ಸಂಕಟ ಅಂತ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ ಅದು. ಹುಡುಕಿದೆ. ಗಾಯಾಳುಗಳು ಸುಮಾರು 13,000, ಯುದ್ಧಕ್ಕೆ ಬೇಡದ ಇತರರು ಸುಮಾರು 43,000. ಅವರನ್ನೆಲ್ಲ ಅದೇ ವಿಮಾನಗಳು ಹೊತ್ತೊಯ್ದವು.

ನಕ್ಷೆ ಜೊತೆ ಆರು ಮಿಷನ್ ಕೊಟ್ಟಿದ್ದೇನೆ. ಐದರಲ್ಲಿ ಹರಿಕೇನ್. ಆರನೆಯದರಲ್ಲಿ ಗುಂಡು ಹಾರಿಸುವುದೇ ಇಲ್ಲ. ಕೊಯಿರೆಂಗೈನಿಂದ ಮಳೆಮೋಡದ ಅಡಿಯಲ್ಲಿ ಡಕೋಟಾ ಸಾಗಣೆ ವಿಮಾನ ಎಬ್ಬಿಸಿ, ಪಶ್ಚಿಮದ ಗುಡ್ಡ ದಾಟಿಸಬೇಕು, ಅಷ್ಟೇ. ಹೆಸರು 'ವಾಪಸ್ ಲೋಡ್'. ಅಪ್ಪ ಪಕ್ಕದಲ್ಲಿ ಕೂತು ಒಂದು ಸಲ ಪೂರ್ತಿ ನೋಡಿದರು. ಗುಡ್ಡದ ಹತ್ತಿರ ನಾನು ತಿರುಗಿಸಿದ್ದು ಜೋರಾಯಿತಂತೆ. "ಹಿಂದೆ ಪೇಶೆಂಟ್ ಅದಾರ, ಮೆಲ್ಲಕ" ಅಂದರು.