ನೀರು ಮಾತ್ರ ಕಡಿಮೆ ಮಾಡಬೇಡ

ಬಸವನಗುಡಿ, ಬೆಂಗಳೂರು

ಚಿ. ರಘುವಿಗೆ ಮಾವನ ಆಶೀರ್ವಾದಗಳು.

ಆಫೀಸಿಗೆ ಹೊರಡುವ ದಿನ ನೀನು ಬೆಳಗಿನಿಂದ ನೀರೇ ಮುಟ್ಟುವುದಿಲ್ಲವಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿ ಅತ್ತಳು. ಸಿಲ್ಕ್ ಬೋರ್ಡಿನಲ್ಲಿ ಗಾಡಿ ನಿಂತು, ಹೊಟ್ಟೆಗೆ ಅಂಟಿಸಿದ ಮೂತ್ರದ ಚೀಲ ತುಂಬಿ, ಎಲ್ಲರೆದುರು ಸೋರಿಬಿಟ್ಟರೆ ಎಂಬ ಭಯ ನಿನಗೆ. ನಿನ್ನ ಹಾಗೆ ಮೂತ್ರಕೋಶ ತೆಗೆಯುವ ಅದೇ ಆಪರೇಷನ್ ಆಗಿ, ಅದೇ ಚೀಲ ಕಟ್ಟಿಕೊಂಡು ಇದೇ ಊರಲ್ಲಿ ಓಡಾಡುತ್ತಿರುವವನು ನಾನು. ಆ ಭಯ ನನಗೆ ಗೊತ್ತು. ಆದರೆ ನೀರು ಬಿಡುವುದು ಅದಕ್ಕೆ ಮದ್ದಲ್ಲ ಕಣಪ್ಪ.

ಮೂತ್ರಕೋಶ ತೆಗೆದ ಮೇಲೆ ಡಾಕ್ಟರು ಸಣ್ಣ ಕರುಳಿನ ಕೊನೆಯ ಭಾಗದಿಂದ ಸುಮಾರು 15 ಸೆಂಟಿಮೀಟರ್ ತುಂಡು ತೆಗೆದು, ಅದರ ಮೂಲಕ ಮೂತ್ರಕ್ಕೆ ದಾರಿ ಮಾಡಿದ್ದಾರೆ. ಆ ತುಂಡು ಈಗಲೂ ಕರುಳೇ, ಲೋಳೆ ಬಿಡುವ ತನ್ನ ಕೆಲಸ ಬಿಟ್ಟಿಲ್ಲ. ಚೀಲದಲ್ಲಿ ಬಿಳಿ ಎಳೆ ತೇಲುವುದು ಅದಕ್ಕೇ. ಕೀವೇನೋ ಅಂತ ಗಾಬರಿಯಾಗಬೇಡ. ನೀರು ಕಡಿಮೆಯಾದರೆ ಆ ಲೋಳೆ ಗಟ್ಟಿಯಾಗುತ್ತದೆ, ಸೋಂಕು ತಗಲುತ್ತದೆ, ಕಲ್ಲಾಗುತ್ತದೆ, ಕಿಡ್ನಿಗೂ ಪೆಟ್ಟು. ಹೃದಯ, ಕಿಡ್ನಿ ತೊಂದರೆ ಇಲ್ಲದವರಿಗೆ ದಿನಕ್ಕೆ ಎರಡು, ಎರಡೂವರೆ ಲೀಟರ್ ಬೇಕೇ ಬೇಕು. ನಿನಗೆಷ್ಟು ಅಂತ ನಿನ್ನ ಡಾಕ್ಟರನ್ನೇ ಕೇಳು.

ಮೂತ್ರಕೋಶದ ಕಾಯಿಲೆಗೆ ಹೊಟ್ಟೆ ಯಾಕೆ ಕೆಟ್ಟಿತು ಅಂತ ಕೇಳಿದ್ದೆಯಲ್ಲ, ಉತ್ತರವೂ ಆ ತುಂಡಿನಲ್ಲೇ ಇದೆ. ಅದನ್ನು ತೆಗೆದ ಜಾಗದಲ್ಲಿ ಕರುಳಿನ ಎರಡು ತುದಿ ಸೇರಿಸಿ ಹೊಲಿದಿದ್ದಾರೆ. ಅದು ಹದಕ್ಕೆ ಬರಲು ವಾರಗಳೇನು, ತಿಂಗಳುಗಳೇ ಹಿಡಿಯುತ್ತವೆ. ಒಂದು ದಿನ ನೀರಿನಂತೆ ಭೇದಿ, ಮರುದಿನ ಏನೂ ಇಲ್ಲ, ಹೊಟ್ಟೆ ತುಂಬ ಗ್ಯಾಸು. ಪಿತ್ತರಸ ಮತ್ತೆ ಹೀರಿಕೊಳ್ಳುವ ಜಾಗವೂ ಅದೇ ಆದ್ದರಿಂದ ಕೆಲವರಿಗೆ ಭೇದಿ ಬೇಗ ನಿಲ್ಲುವುದಿಲ್ಲ. ಅದಕ್ಕೆ ಬೇರೆಯೇ ಔಷಧಿ ಇದೆ, ಸಂಕೋಚಪಡದೆ ಡಾಕ್ಟರಿಗೆ ಹೇಳು. ಬಿ12 ವಿಟಮಿನ್ ಹೀರುವುದೂ ಅಲ್ಲೇ. ವರ್ಷಕ್ಕೊಮ್ಮೆ ರಕ್ತಪರೀಕ್ಷೆ ತಪ್ಪಿಸಬೇಡ.

ಸದ್ಯಕ್ಕೆ ಮೆತ್ತಗಿನ ಅನ್ನ, ತಿಳಿಸಾರು, ಮಜ್ಜಿಗೆ, ಇಡ್ಲಿ. ಒಂದೇ ಸಲ ಹೊಟ್ಟೆ ಬಿರಿಯುವಷ್ಟು ಬೇಡ, ಸ್ವಲ್ಪಸ್ವಲ್ಪವಾಗಿ ಐದಾರು ಸಲ ತಿನ್ನು. ಅವರೇಕಾಯಿ ಉಪ್ಪಿಟ್ಟು ಅಂದರೆ ನಿನಗೆ ಪ್ರಾಣ, ಗೊತ್ತು. ಈ ಚಳಿಗಾಲ ಒಂದು ಬಿಟ್ಟುಬಿಡು. ಮಲ ಗಟ್ಟಿಯಾದರೆ ತಿಣುಕಬೇಡ, ಹೊಟ್ಟೆಯ ಹೊಲಿಗೆ ಇನ್ನೂ ಹಸಿ. ನೋವಿನ ಮಾತ್ರೆಗಳಿಂದಲೂ ಹೀಗಾಗುತ್ತದೆ. ಆದರೆ ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗದಿದ್ದರೆ ಜೀರಿಗೆ ಕಷಾಯ ಅಂತ ಕೂರಬೇಡ. ನೇರ ಆಸ್ಪತ್ರೆಗೆ ಹೋಗು.

ಇನ್ನು ಚೀಲ. ಅದನ್ನು ಬದಲಿಸುವುದು ಬೆಳಗ್ಗೆ ಎದ್ದ ತಕ್ಷಣ, ಕಾಫಿಗೆ ಮುಂಚೆ. ಆಗ ಮೂತ್ರ ಇಳಿಯುವುದು ಕಡಿಮೆ. ಹತ್ತಿಬಟ್ಟೆಯ ಸಣ್ಣ ಸುರುಳಿಯೊಂದನ್ನು ಸ್ಟೋಮಾದ, ಅಂದರೆ ಮೂತ್ರ ಹೊರಬರಲು ಹೊಟ್ಟೆಯ ಮೇಲೆ ಮಾಡಿದ ದ್ವಾರದ, ಬಾಯಿಗೆ ಹಿಡಿದುಕೋ, ಅದು ಹನಿ ಹೀರಿಕೊಳ್ಳುತ್ತಿರುತ್ತದೆ. ಸುತ್ತಲ ಚರ್ಮವನ್ನು ಬೆಚ್ಚನೆ ನೀರಿನಲ್ಲಿ ಒರೆಸಿ, ಒತ್ತಿ ಒಣಗಿಸು. ಎಣ್ಣೆ, ಪೌಡರು, ಕ್ರೀಮು ಇರುವ ಸೋಪು ಏನೂ ಬೇಡ, ಅಂಟು ಹಿಡಿಯುವುದಿಲ್ಲ. ಸ್ಟೋಮಾ ಮೊದಲ ಆರೆಂಟು ವಾರ ಕುಗ್ಗುತ್ತಾ ಹೋಗುತ್ತದೆ, ಆದ್ದರಿಂದ ಪ್ರತಿ ಸಲ ಅಳೆದೇ ಚೀಲದ ಅಂಟುಭಾಗದಲ್ಲಿ ತೂತು ಕತ್ತರಿಸು. ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರ್ ದೊಡ್ಡದಿದ್ದರೆ ಸಾಕು. ಹಳೇ ಅಳತೆಯಲ್ಲಿ ಕತ್ತರಿಸಿದರೆ ಚರ್ಮದ ಮೇಲೆ ಮೂತ್ರ ನಿಂತು ಉರಿಯೇಳುತ್ತದೆ, ಸೋರುವುದೂ ಅಲ್ಲಿಂದಲೇ. ಅಂಟಿಸಿದ ಮೇಲೆ ಅಂಗೈಯನ್ನು ಒಂದೆರಡು ನಿಮಿಷ ಅದರ ಮೇಲೆ ಇಟ್ಟುಕೋ, ಬಿಸಿಗೆ ಚೆನ್ನಾಗಿ ಕೂರುತ್ತದೆ. ಒರೆಸುವಾಗ ಒಂದು ಹನಿ ರಕ್ತ ಕಂಡರೆ ಹೆದರಬೇಡ. ಸ್ಟೋಮಾ ಕಪ್ಪಾದರೆ ಮಾತ್ರ ತಡಮಾಡದೆ ಓಡು.

ಚೀಲ ಮೂರನೇ ಒಂದು ಭಾಗ ತುಂಬುತ್ತಲೇ ಖಾಲಿ ಮಾಡು. ಭಾರವಾದರೆ ಅಂಟು ಬಿಡುತ್ತದೆ. ದೂರದ ದಾರಿಗೆ ಕಾಲಿಗೆ ಕಟ್ಟುವ ಚೀಲ ಜೋಡಿಸಿಕೋ, ರಾತ್ರಿಗೆ ಹಾಸಿಗೆ ಪಕ್ಕದ ದೊಡ್ಡ ಚೀಲ. ಎಲೆಕ್ಟ್ರಾನಿಕ್ ಸಿಟಿಗೆ ಈಗ ಆರ್.ವಿ. ರಸ್ತೆಯಿಂದ ಹಳದಿ ಮಾರ್ಗದ ಮೆಟ್ರೋ ಇದೆ. ಕಾರಿನ ಬೆಲ್ಟು ಹೊಟ್ಟೆಗೆ ಒತ್ತುವುದಿಲ್ಲ, ಗುಂಡಿಯ ಕುಲುಕಾಟವಿಲ್ಲ. ಯಾವ ನಿಲ್ದಾಣದಲ್ಲಿ ಟಾಯ್ಲೆಟ್ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೋ. ಬ್ಯಾಗಿನಲ್ಲಿ ತೂತು ಕತ್ತರಿಸಿಟ್ಟ ಒಂದು ಚೀಲ, ಒಂದು ಜೊತೆ ಬಟ್ಟೆ ಇದ್ದರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಇದೊಂದನ್ನು ಬಹಳ ಜನ ಹೇಳುವುದಿಲ್ಲ. ಲ್ಯಾಬಿಗೆ ಮೂತ್ರ ಕೊಡಬೇಕಾದರೆ ಚೀಲದಿಂದ ಹಿಡಿದು ಕೊಡಬೇಡ. ಅದರಲ್ಲಿ ಯಾವಾಗಲೂ ಬ್ಯಾಕ್ಟೀರಿಯಾ ಇರುತ್ತದೆ, ಸುಮ್ಮನೆ ಆಂಟಿಬಯೋಟಿಕ್ ನುಂಗಬೇಕಾಗುತ್ತದೆ. ಸ್ಟೋಮಾದೊಳಗೆ ಸಣ್ಣ ನಳಿಕೆ ಹಾಕಿ ತೆಗೆಯಲು ಹೇಳು. ಜ್ವರ, ನಡುಕ, ಪಕ್ಕೆನೋವು ಬಂದರೆ ಮಾತ್ರ ಅದೇ ದಿನ ತೋರಿಸು.

ಭಾನುವಾರ ಬೆಳಗ್ಗೆ ಬರುತ್ತೇನೆ. ಚೀಲ ಬದಲಿಸದೆ ಇರು, ಇಬ್ಬರೂ ಸೇರಿ ಮಾಡೋಣ. ಅಷ್ಟರವರೆಗೆ ಬಾಟಲಿ ನಿನ್ನ ಮೇಜಿನ ಮೇಲೇ ಇರಲಿ.

ನಿನ್ನ ಪ್ರೀತಿಯ ಮಾವ